ಐದು ದಿನದ ಕೋರ್ಸ್ ಮಾಡಿ ಕೈರೋಪ್ರಾಕ್ಟರ್ ಆಗಬಹುದಾ?

ಪ್ರಶ್ನೆ: ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿದ್ದೇನೆ. ಕೈರೋಪ್ರಾಕ್ಟಿಕ್, ಅಂದರೆ ಬೆನ್ನುಮೂಳೆ, ಕೀಲುಗಳನ್ನು ಕೈಯಿಂದ ಒತ್ತಿ, ತಿರುಗಿಸಿ ಮಾಡುವ ಚಿಕಿತ್ಸೆ ಕಲಿಯೋಕೆ ಯಾವ ಕಾಲೇಜು ಒಳ್ಳೆಯದು? ಇಲ್ಲೇ ಐದು ದಿನದ ಸರ್ಟಿಫಿಕೇಟ್ ಕೋರ್ಸ್ ಮಾಡಿದರೆ ಸಾಕಾ?

ಉತ್ತರ: ಮತ್ತದೇ ಪ್ರಶ್ನೆ! ಕಾಲೇಜಿನ ವಿಷಯ ಸುಲಭ, ಮೊದಲು ಅದನ್ನು ಮುಗಿಸೋಣ. ಮುಂದೆ ಯಾವ ದೇಶದಲ್ಲಿ ಕೆಲಸ ಮಾಡುತ್ತೀರೋ ಅಲ್ಲಿ ಲೈಸೆನ್ಸ್ ಕೊಡುವವರು ಒಪ್ಪುವ ಕಾಲೇಜನ್ನೇ ಹುಡುಕಿ. ಅಮೆರಿಕ ಆದರೆ ಸಿಸಿಇ (ಅಲ್ಲಿನ ಕೈರೋಪ್ರಾಕ್ಟಿಕ್ ಶಿಕ್ಷಣ ಮಂಡಳಿ) ಮಾನ್ಯತೆ ಇರಬೇಕು. ಬ್ರಿಟನ್ ಆದರೆ ಜನರಲ್ ಕೈರೋಪ್ರಾಕ್ಟಿಕ್ ಕೌನ್ಸಿಲ್ ಒಪ್ಪಿರಬೇಕು. ಅಮೆರಿಕದ ಅಯೋವಾ ರಾಜ್ಯದ ಪಾಮರ್ ಕಾಲೇಜು 1897ರದ್ದು, ಎಲ್ಲಕ್ಕಿಂತ ಹಳೆಯದು. ಹಾಗಂತ ಸುಮ್ನೆ ಹೆಸರು ನೋಡಿ ಸೇರಬೇಡಿ.

ಈಗ ಆ ಐದು ದಿನದ ಕಥೆ. 'ಬಿಪಿಟಿಯಲ್ಲಿ ಮೂಳೆ, ಸ್ನಾಯು ಎಲ್ಲ ಓದಿದ್ದೀವಿ, ಇನ್ನು ಟಕ್ ಅನ್ನಿಸೋದೊಂದು ಕಲಿತರೆ ಆಯ್ತು' ಅನ್ನುತ್ತಾರೆ. ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಲೆಕ್ಕ ಕೊಟ್ಟಿದೆ. ಹೊಸಬರಿಗೆ ಕನಿಷ್ಠ 4200 ಗಂಟೆ ಕಲಿಕೆ. ಮೊದಲೇ ವೈದ್ಯಕೀಯ ರಂಗದಲ್ಲಿ ಓದಿದವರಿಗೆ ರಿಯಾಯಿತಿ ಇದೆ, ಆದರೂ 2200 ಗಂಟೆ ಬೇಕು. ಅದರಲ್ಲಿ 1000 ಗಂಟೆ ಹಿರಿಯರ ಕಣ್ಣೆದುರು ರೋಗಿಗಳನ್ನು ನೋಡಬೇಕು. ದಿನಕ್ಕೆ ಎಂಟು ಗಂಟೆಯಂತೆ ಐದು ದಿನ ಅಂದರೆ 40 ಗಂಟೆ. ನೂರಕ್ಕೆ ಎರಡು ಪಾಲೂ ಆಗಲಿಲ್ಲ, ಅಲ್ವಾ?

ಆ ಸಾವಿರ ಗಂಟೆಯಲ್ಲಿ ಒತ್ತೋದಕ್ಕಿಂತ ಜಾಸ್ತಿ ಕಲಿಯಬೇಕಾದ್ದು, ಯಾರನ್ನು ಮುಟ್ಟಬಾರದು ಅನ್ನೋದು. ಮೂಳೆ ಸವೆದ ಅಜ್ಜಿ ಬರುತ್ತಾರೆ. ಸೊಂಟನೋವಿನ ಜೊತೆ ಮೂತ್ರ ಕಟ್ಟಿಕೊಂಡವರು ಬರುತ್ತಾರೆ, ಅವರನ್ನು ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಎಂದೂ ಇಲ್ಲದ ಕತ್ತುನೋವು, ತಲೆನೋವು ದಿಢೀರನೆ ಬಂದಿದ್ದರೆ ಕತ್ತಿನ ರಕ್ತನಾಳವೇ ಸೀಳಿರಬಹುದು. ಅಂಥವರ ಕತ್ತು ತಿರುಗಿಸಿದರೆ ಸ್ಟ್ರೋಕ್ ಆಗುವ ಅಪಾಯ ಇದೆ. ಇದನ್ನು ಐದು ದಿನದಲ್ಲಿ, ಹೋಟೆಲ್ ಹಾಲ್‌ನಲ್ಲಿ ಒಬ್ಬರ ಬೆನ್ನು ಒಬ್ಬರು ಒತ್ತಿ ಕಲಿಯೋಕಾಗುತ್ತಾ? ನಮ್ಮ ದೇಶದಲ್ಲಿ ಕೈರೋಪ್ರಾಕ್ಟರ್‌ಗಳಿಗೆಂದೇ ಕೌನ್ಸಿಲ್ ಇಲ್ಲ, ಬೋರ್ಡ್ ಹಾಕಿಕೊಂಡರೆ ಕೇಳೋರು ಕಡಿಮೆ. ಅದಕ್ಕೇ ಈ ಕೋರ್ಸುಗಳಿಗೆ ಇಷ್ಟು ಗಿರಾಕಿ. ಬಿಪಿಟಿಯ ಕೆಲಸಕ್ಕೆ ಒಂದೆರಡು ಕೈಚಳಕ ಸೇರಿಸಿಕೊಳ್ಳೋಕೆ ಹೋಗುತ್ತೀರಾ, ಹೋಗಿ. ಬೋರ್ಡ್ ಮಾತ್ರ ಬದಲಾಯಿಸಬೇಡಿ.

ಯಾರೂ ಕೇಳದಿದ್ದರೂ ಆ ಟಕ್ ಸದ್ದಿನ ಬಗ್ಗೆ ಹೇಳಿಬಿಡುತ್ತೇನೆ. ಅದು ಜರುಗಿದ ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಕೀಲು ಹಿಗ್ಗಿದಾಗ ಒಳಗಿನ ದ್ರವದಲ್ಲಿ ಒತ್ತಡ ಇಳಿದು ಗಾಳಿಗುಳ್ಳೆಯಂಥ ಪೊಳ್ಳು ಆಗುತ್ತದೆ, ಆ ಸದ್ದು ಅದರದ್ದು. 2015ರಲ್ಲಿ ಕೆನಡಾದ ಸಂಶೋಧಕರು ಬೆರಳಿನ ಗಂಟನ್ನು ಎಂಆರ್‌ಐ ಒಳಗೇ ಎಳೆದು ಇದನ್ನು ಕಣ್ಣಾರೆ ನೋಡಿದರು. ನಿಮ್ಮ ಬೆರಳಲ್ಲೇ ನೋಡಿ, ಒಮ್ಮೆ ಲಟಿಕೆ ತೆಗೆದ ಗಂಟು ಸ್ವಲ್ಪ ಹೊತ್ತು ಎಷ್ಟು ಎಳೆದರೂ ಸದ್ದು ಮಾಡಲ್ಲ.