ಜ್ವರ ಬಂದ ಪ್ರಯಾಣಿಕ ಯಾರ ಪಾಲು?

ಕಾಫಿ ಕೊಯ್ಲು ಮುಗಿದು, ಗಿಡ ಹೂಬಿಡಲು ಬೇಕಾದ ಹೂಮಳೆಗೆ ಕಾಯುವ ಹೊತ್ತಿನಲ್ಲಿ ಚಿಕ್ಕಮಗಳೂರಿನ ನನ್ನ ಕ್ಲಿನಿಕ್ಕಿಗೆ ಈಚೆಗೆ ಹೊಸ ಬಗೆಯ ಜನ ಬರುತ್ತಿದ್ದಾರೆ. ಕಾಫಿಗೆ ರೇಟು ಬಂದ ಮೇಲೆ ಟ್ರಾವೆಲ್ಸ್‌ನವರ ಕ್ರೂಸ್ ಪ್ಯಾಕೇಜ್ ಹಿಡಿದು, ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿಕೊಂಡು ಬರುವ ಅರವತ್ತು ದಾಟಿದ ಬೆಳೆಗಾರರು ಇವರು. ಮೊನ್ನೆ ಆಲ್ದೂರು ಕಡೆಯ ದಂಪತಿ ಬಂದಿದ್ದರು. ನಾನು ಯಜಮಾನರ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದಾಗ ಅವರ ಹೆಂಡತಿ ಕೇಳಿದರು: "ಡಾಕ್ಟ್ರೇ, ನೀವು ಹಡಗಲ್ಲಿ ಕೆಲಸ ಮಾಡಿ ಬಂದವರಲ್ವಾ? ಮತ್ತೆ ಕೊರೊನಾ ತರದ್ದು ಏನಾದ್ರೂ ಬಂದು, ಸಮುದ್ರದ ಮಧ್ಯೆ ಇವರು ಮಲಗಿಬಿಟ್ರೆ ಯಾರು ನೋಡ್ಕೋತಾರೆ?"

ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಬಿಪಿ ಬರೆದುಕೊಂಡು, ಹೊರಗೆ ಕೂತಿದ್ದ ಇಬ್ಬರಿಗೆ ಸ್ವಲ್ಪ ಕಾಯಲು ಹೇಳಿಸಿದೆ.

ಹಡಗಿನ ಆಸ್ಪತ್ರೆಯಿಂದಲೇ ಶುರು ಮಾಡಿದೆ. 100 ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು, ಮೂರು ದಿನಕ್ಕಿಂತ ಹೆಚ್ಚಿನ ಅಂತರರಾಷ್ಟ್ರೀಯ ಯಾನ ಮಾಡುವ ಹಡಗಿನಲ್ಲಿ ವೈದ್ಯ ಇರಲೇಬೇಕು ಎನ್ನುತ್ತದೆ 2006ರ ಕಡಲ ಕಾರ್ಮಿಕ ಒಪ್ಪಂದ. ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರ ಸಂಘದ ಮಾರ್ಗಸೂಚಿಯನ್ನು ದೊಡ್ಡ ಕಂಪನಿಗಳು ಪಾಲಿಸುತ್ತವೆ. ಅದರ ಪ್ರಕಾರ ಸಾವಿರ ಜನಕ್ಕೆ ಒಂದು ಹಾಸಿಗೆ, ಜೊತೆಗೆ ಕನಿಷ್ಠ ಒಂದು ಐಸಿಯು ಕೋಣೆ. ಅಂದರೆ ನಾಲ್ಕು ಸಾವಿರ ಜನರ ಹಡಗಿಗೆ ನಾಲ್ಕು ಹಾಸಿಗೆ. ಹೃದಯಾಘಾತವಾದವನನ್ನು ಮುಂದಿನ ಬಂದರಿನವರೆಗೆ ಹಿಡಿದಿಟ್ಟುಕೊಳ್ಳುವುದಕ್ಕೆ ಸಾಕು. ಒಂದೇ ವಾರದಲ್ಲಿ ಮುನ್ನೂರು ಜನಕ್ಕೆ ಉಸಿರಾಟದ ಸೋಂಕು ತಗುಲಿದರೆ ಏನೇನೂ ಸಾಲದು. ಹಡಗಿನ ಡಾಕ್ಟರ ಕೆಲಸ ರೋಗಿಯನ್ನು ದಡ ಮುಟ್ಟಿಸುವುದು, ಆದರೆ ದಡ ಬೇಡ ಎಂದರೆ ಅವನ ಕೈಯಲ್ಲಿ ಏನೂ ಇಲ್ಲ.

ಇನ್ನೊಂದು ಸಂಗತಿ ಪ್ಯಾಕೇಜಿನ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಇರುವುದಿಲ್ಲ. ಊಟ, ಈಜುಕೊಳ, ನಾಟಕ ಎಲ್ಲ ಟಿಕೆಟ್‌ನಲ್ಲಿ ಸೇರಿರುತ್ತದೆ, ವೈದ್ಯರು ಮಾತ್ರ ಸೇರಿರುವುದಿಲ್ಲ. ಸಾಮಾನ್ಯವಾಗಿ ನೋಡಿದ್ದಕ್ಕೆ ಬಿಲ್, ಡ್ರಿಪ್ಪಿಗೆ ಬಿಲ್, ಅದೂ ಡಾಲರಿನಲ್ಲಿ. ನಾನಿದ್ದ ಹಡಗಿನಲ್ಲಿ ಒಮ್ಮೆ ವಾಂತಿಭೇದಿ ಹಬ್ಬಿತ್ತು, ನೊರೊವೈರಸ್. ಒಬ್ಬ ಹಿರಿಯರು ಎರಡು ದಿನ ಭೇದಿ ಮುಚ್ಚಿಟ್ಟುಕೊಂಡು ಬಫೆಗೆ ಹೋಗಿ ಬಂದಿದ್ದರು. ಮೂರನೇ ದಿನ ತಲೆಸುತ್ತಿ ಬಿದ್ದಾಗ ಸ್ಟ್ರೆಚರ್‌ನಲ್ಲಿ ತಂದರು. ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ದರೆ ಕ್ಯಾಬಿನ್ನಿನಲ್ಲಿ ಕೂಡಿಹಾಕುತ್ತಿದ್ದಿರಿ, ಮೇಲೆ ದುಡ್ಡೂ ತೆಗೆದುಕೊಳ್ಳುತ್ತಿದ್ದಿರಿ" ಎಂದರು. ಎರಡೂ ನಿಜವೇ ಆಗಿತ್ತು. ಅದೇ ಸಂಜೆ ಮೇಲಿನ ಅಧಿಕಾರಿಯೊಬ್ಬರು ನನ್ನ ಮೇಜಿಗೆ ಒರಗಿಕೊಂಡು, ರೋಗಿಗಳ ಲಾಗ್‌ನಲ್ಲಿರುವ ಕೆಲವು ಕೇಸುಗಳನ್ನು ಹಡಗಿನ ಓಲಾಟಕ್ಕೆ ಬರುವ ಸಮುದ್ರವಾಂತಿ ಎಂದು ಬರೆಯಲು ಬರುವುದಿಲ್ಲವೇ ಎಂದು ನಗುತ್ತಲೇ ಕೇಳಿದರು. ಅಮೆರಿಕದ ಬಂದರಿಗೆ ಹೋಗುವ ಹಡಗಿನಲ್ಲಿ ಶೇ 2ರಷ್ಟು ಜನಕ್ಕೆ ಭೇದಿ ಆದರೆ ವಿಶೇಷ ವರದಿ ಕೊಡಬೇಕು, ಶೇ 3 ದಾಟಿದರೆ ಹಡಗಿನ ಹೆಸರು ಸಾರ್ವಜನಿಕ ಪಟ್ಟಿಗೆ ಬರುತ್ತದೆ. ನಾವು ಆ ಗೆರೆಯ ಹತ್ತಿರ ಇದ್ದೆವು. ನಾನು ಬದಲಾಯಿಸಲಿಲ್ಲ. ಅದೇನೂ ದೊಡ್ಡ ಸಾಹಸವಲ್ಲ, ನರ್ಸ್ ಆಗಲೇ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿಯಾಗಿತ್ತು.

ಇದನ್ನು ಹೇಳಿದ್ದು ಯಾಕೆಂದರೆ, ಯಾರು ಹೊಣೆ ಎಂಬ ಪ್ರಶ್ನೆ ಕೋರ್ಟಿಗೆ ಹೋಗುವ ಎಷ್ಟೋ ಮುಂಚೆ ಒಂದು ಹಾಳೆಯ ಮೇಲೆ ತೀರ್ಮಾನವಾಗಿರುತ್ತದೆ. ಬಂದರಿಗೆ ಬರುವ ಹಡಗು ಕೊಡುವ ಕಡಲ ಆರೋಗ್ಯ ಘೋಷಣೆ ಅದು. ಅದರಲ್ಲಿ ಒಂಬತ್ತು ಪ್ರಶ್ನೆ. ಯಾರಾದರೂ ಸತ್ತಿದ್ದಾರೆಯೇ, ಸೋಂಕಿನ ಅನುಮಾನ ಇದೆಯೇ, ಕಾಯಿಲೆ ಬಿದ್ದ ಪ್ರಯಾಣಿಕರ ಸಂಖ್ಯೆ ಮಾಮೂಲಿಗಿಂತ ಹೆಚ್ಚಿದೆಯೇ ಎಂಬಲ್ಲಿಂದ ಹಿಡಿದು, ಕದ್ದು ಹತ್ತಿದವರು, ಕಾಯಿಲೆಯ ಸಾಕುಪ್ರಾಣಿಗಳವರೆಗೆ. ಕ್ಯಾಪ್ಟನ್ ಸಹಿ ಹಾಕುತ್ತಾರೆ, ಕೆಳಗೆ ವೈದ್ಯರ ಸಹಿ. 2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿಯ 28ನೇ ವಿಧಿ ಎರಡು ಮಾತು ಹೇಳುತ್ತದೆ. ಸೋಂಕಿನ ಲಕ್ಷಣ ಕಂಡರೆ ಕ್ಯಾಪ್ಟನ್ ಬಂದರು ಸೇರುವ ಮುಂಚೆಯೇ, ಆದಷ್ಟು ಬೇಗ ತಿಳಿಸಬೇಕು. ಆರೋಗ್ಯದ ಕಾರಣಕ್ಕೆ ಹಡಗನ್ನು ಬಂದರಿಗೆ ಬರದಂತೆ ತಡೆಯಬಾರದು. ಆ ಬಂದರಿನಲ್ಲಿ ಸೌಲಭ್ಯ ಇಲ್ಲದಿದ್ದರೆ ಹತ್ತಿರದ ತಕ್ಕ ಬಂದರಿಗೆ ಕಳಿಸಬಹುದು, ಅಷ್ಟೇ. ನೀನು ಮುಚ್ಚಿಡಬೇಡ, ನಾನು ಬಾಗಿಲು ಹಾಕುವುದಿಲ್ಲ ಎಂಬ ಕೊಡುಕೊಳ್ಳುವಿಕೆ ಇದು. 2020ರಲ್ಲಿ ಮುರಿದು ಬಿದ್ದದ್ದು ಇದೇ.

ಡೈಮಂಡ್ ಪ್ರಿನ್ಸೆಸ್ ಹಡಗಿನ ಕಥೆ ಎಲ್ಲರಿಗೂ ಗೊತ್ತು. ಹಾಂಗ್‌ಕಾಂಗ್‌ನಲ್ಲಿ ಇಳಿದಿದ್ದ ಪ್ರಯಾಣಿಕನಿಗೆ ಸೋಂಕು ಇದೆ ಎಂದು ಗೊತ್ತಾದ ಮೇಲೆ, ಫೆಬ್ರವರಿ ಮೊದಲ ವಾರದಲ್ಲಿ ಹಡಗನ್ನು ಯೊಕೊಹಾಮಾದಲ್ಲಿ ಕ್ವಾರಂಟೈನ್ ಮಾಡಿದರು. ಒಳಗಿದ್ದವರು 3,711. ಕೊನೆಗೆ ಸೋಂಕು ತಗುಲಿದ್ದು 712 ಜನಕ್ಕೆ. ಧ್ವಜ, ಅಂದರೆ ಹಡಗಿನ ನೋಂದಣಿ, ಬ್ರಿಟನ್ನಿನದು, ಕಂಪನಿ ಅಮೆರಿಕದ್ದು, ನಿಂತಿದ್ದು ಜಪಾನಿನ ನೀರಿನಲ್ಲಿ, ಪ್ರಯಾಣಿಕರು ಹತ್ತಾರು ದೇಶದವರು. ನಡುಗಡಲಿನಲ್ಲಿ ಹಡಗಿನ ಮೇಲೆ ಅಧಿಕಾರ ಧ್ವಜದ ದೇಶದ್ದು. ಬಂದರಿನೊಳಗೆ ಬಂದ ಮೇಲೆ ಆ ನೆಲದ ಆರೋಗ್ಯಾಧಿಕಾರಿಯ ಮಾತು ನಡೆಯುತ್ತದೆ. ಕಾಗದದಲ್ಲಿ ಚೆನ್ನಾಗಿಯೇ ಇದೆ. ಆದರೆ ಕ್ಯಾಬಿನ್ನಿನ ಬಾಗಿಲಿಗೆ ಊಟದ ತಟ್ಟೆ ತರುವವನ ಹೊಣೆ ಯಾರದು? ಪ್ರಯಾಣಿಕರು ಒಳಗೆ ಕೂತಿದ್ದಾಗ ಸಿಬ್ಬಂದಿ ಕೆಲಸ ಮಾಡುತ್ತಲೇ ಇದ್ದರು, ರಾತ್ರಿ ಹಂಚಿಕೊಂಡ ಕ್ಯಾಬಿನ್ನುಗಳಲ್ಲಿ ಮಲಗುತ್ತಿದ್ದರು. ಅವರಲ್ಲಿ ಮೊದಲು ಸೋಂಕು ದೃಢಪಟ್ಟ 20 ಜನರಲ್ಲಿ 15 ಮಂದಿ ಊಟದ ವಿಭಾಗದವರು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ 132 ಮಂದಿ ಸಿಬ್ಬಂದಿ, ಪ್ರಯಾಣಿಕರು ಬರೀ ಆರು. ಫೆಬ್ರವರಿ 27ರಂದು ಏರ್ ಇಂಡಿಯಾ ವಿಮಾನದಲ್ಲಿ 119 ಜನರನ್ನು ನಮ್ಮ ಸರ್ಕಾರ ದೆಹಲಿಗೆ ಕರೆತಂದಿತು.

ಅದೇ ತಿಂಗಳು ವೆಸ್ಟರ್‌ಡ್ಯಾಮ್ ಎಂಬ ಇನ್ನೊಂದು ಹಡಗು. ಒಳಗೆ ಯಾರಿಗೂ ಸೋಂಕು ದೃಢಪಟ್ಟಿರಲಿಲ್ಲ. ಆದರೂ ಫಿಲಿಪ್ಪೀನ್ಸ್, ತೈವಾನ್, ಜಪಾನ್, ಗುವಾಮ್, ಥಾಯ್ಲೆಂಡ್ ಎಲ್ಲ ಬೇಡ ಎಂದವು. ಕೊನೆಗೆ ಕಾಂಬೋಡಿಯಾ ಒಳಗೆ ಬಿಟ್ಟುಕೊಂಡಿತು. ನಮ್ಮ ಘಟ್ಟದ ಕೆಳಗೂ, ಮಾರ್ಚ್ ಆರಂಭದಲ್ಲಿ ನವಮಂಗಳೂರಿಗೆ ಬಂದ ವಿದೇಶಿ ಕ್ರೂಸ್ ಹಡಗಿಗೆ ಪ್ರವೇಶ ಸಿಗಲಿಲ್ಲ.

ಬಂದರುಗಳನ್ನು ಬೈಯಲು ನನಗೆ ನಾಲಿಗೆ ಏಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಮೇ ಮಧ್ಯದವರೆಗೆ ಒಂದೂ ಪಾಸಿಟಿವ್ ಇರಲಿಲ್ಲ. ಹಸಿರು ವಲಯ ಎಂದು ಬೀಗುತ್ತಿದ್ದೆವು. ಊರಿನ ದಾರಿಗೆ ಮರ ಅಡ್ಡ ಹಾಕಿ, ಮುಳ್ಳು ಕಟ್ಟಿ, ಬೆಂಗಳೂರಿನಿಂದ ಬಂದ ಸ್ವಂತ ಮಕ್ಕಳನ್ನೇ ಗೇಟಿನಲ್ಲಿ ನಿಲ್ಲಿಸಿದ ಮನೆಗಳು ನನಗೆ ಗೊತ್ತು. ಆಗ ನನ್ನ ಕ್ಲಿನಿಕ್ಕಿಗೆ ಜ್ವರದವರೇ ಬರುತ್ತಿರಲಿಲ್ಲ. ಊರಿಗೆ ಊರೇ ಆರೋಗ್ಯವಾಗಿತ್ತು ಎಂದಲ್ಲ. ಮೆಡಿಕಲ್ ಶಾಪಿನ ಹುಡುಗ ಡೋಲೊ ಎಷ್ಟು ಹೋಗುತ್ತಿದೆ ಎಂದು ಹೇಳಿದಾಗ ಗೊತ್ತಾಯಿತು. ಬಫೆಗೆ ಹೋದ ಆ ಹಿರಿಯರು ನೆನಪಾದರು.

ಬಾಗಿಲು ತೆರೆದರೂ ಎಡವಬಹುದು ಎನ್ನುವುದಕ್ಕೆ ರೂಬಿ ಪ್ರಿನ್ಸೆಸ್ ಇದೆ. 2020ರ ಮಾರ್ಚ್ 19ರಂದು ಸಿಡ್ನಿಯಲ್ಲಿ ಸುಮಾರು 2,700 ಪ್ರಯಾಣಿಕರು ಇಳಿದು ಮನೆಗಳಿಗೆ ಹೋದರು. ಗಂಟಲು ದ್ರವದ ಫಲಿತಾಂಶಕ್ಕೆ ಯಾರೂ ಕಾಯಲಿಲ್ಲ. ಅಲ್ಲಿನ ರಾಜ್ಯದ ಆರೋಗ್ಯ ಇಲಾಖೆ ಕಡಿಮೆ ಅಪಾಯ ಎಂದು ಅಂದಾಜು ಮಾಡಿತ್ತು. ಆ ಯಾನಕ್ಕೆ ತಳುಕು ಹಾಕಿದ ಸಾವುಗಳು 28. ವಿಚಾರಣಾ ಆಯೋಗ ಇಲಾಖೆಯ ತಪ್ಪನ್ನು ಅಕ್ಷಮ್ಯ ಎಂದಿತು. ಆಮೇಲೆ 2023ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಫೆಡರಲ್ ಕೋರ್ಟ್ ಕಂಪನಿಯ ನಿರ್ಲಕ್ಷ್ಯವನ್ನೂ ಎತ್ತಿ ಹಿಡಿಯಿತು. ಹಡಗು ಹೊರಡುವ ಹೊತ್ತಿಗಾಗಲೇ ಬೇರೆ ಹಡಗುಗಳಲ್ಲಿ ಆದದ್ದು ಗೊತ್ತಿದ್ದೂ ಹೊರಟಿದ್ದೇ ತಪ್ಪು ಎಂಬುದು ಅದರ ತರ್ಕ. ಮೊಕದ್ದಮೆ ಹೂಡಿದ ಮಹಿಳೆಯ ಗಂಡ ಸಾವಿನ ಬಾಗಿಲಿಗೆ ಹೋಗಿ ಬಂದವರು. ಗೆದ್ದ ಆಕೆಗೆ ಕೋರ್ಟ್ ಕೊಡಿಸಿದ್ದು ವೈದ್ಯಕೀಯ ಖರ್ಚಿನ 4,423 ಆಸ್ಟ್ರೇಲಿಯನ್ ಡಾಲರ್ ಚಿಲ್ಲರೆ.

ಪರಿಹಾರ ಯಾಕೆ ಇಷ್ಟು ಕಷ್ಟ ಎಂದರೆ, ಪ್ರಯಾಣಿಕರ ಹಕ್ಕಿನ ಅಥೆನ್ಸ್ ಒಪ್ಪಂದದ 2002ರ ತಿದ್ದುಪಡಿ ಮುಳುಗುವುದು, ಡಿಕ್ಕಿ, ಬೆಂಕಿ ಇಂಥವಕ್ಕೆ ಮಾತ್ರ ತಪ್ಪು ಸಾಬೀತು ಮಾಡದೆಯೇ ಹೊಣೆ ಹೊರಿಸುತ್ತದೆ. ಜ್ವರ ಆ ಪಟ್ಟಿಯಲ್ಲಿಲ್ಲ. ಕಂಪನಿಯ ತಪ್ಪು ಎಂದು ರೋಗಿಯೇ ತೋರಿಸಬೇಕು, ಅದೂ ಎರಡು ವರ್ಷದೊಳಗೆ. ವಿಚಿತ್ರವೆಂದರೆ ಇಲ್ಲಿ ತಟ್ಟೆ ತರುವ ಹುಡುಗನ ಸ್ಥಿತಿ ಕಾನೂನಿನ ಮಟ್ಟಿಗೆ ವಾಸಿ. ಹಡಗಿನಲ್ಲಿ ಕಾಯಿಲೆ ಬಿದ್ದ ಸಿಬ್ಬಂದಿಯ ಚಿಕಿತ್ಸೆ ಮಾಲೀಕನ ಖರ್ಚು, ಕನಿಷ್ಠ 16 ವಾರದವರೆಗೆ. ದುಡ್ಡು ಕೊಟ್ಟು ಹತ್ತಿದವರಿಗೆ ಆ ಭರವಸೆ ಇಲ್ಲ.

ಇಷ್ಟೆಲ್ಲ ಕೇಳಿ ಯಜಮಾನರು "ಹಾಗಾದ್ರೆ ಹೋಗೋದೇ ಬೇಡ್ವಾ?" ಎಂದರು. ಹೋಗಿ ಬನ್ನಿ ಎಂದೆ. ಇನ್ಶೂರೆನ್ಸ್‌ನಲ್ಲಿ ಹಡಗಿನ ಆಸ್ಪತ್ರೆಯ ಬಿಲ್, ಹೆಲಿಕಾಪ್ಟರ್‌ನಲ್ಲಿ ಇಳಿಸುವ ಖರ್ಚು, ಕ್ವಾರಂಟೈನ್ ವಾಸ ಮೂರೂ ಇದೆಯೇ ಎಂದು ಏಜೆಂಟರಿಂದ ಬರೆಸಿಕೊಳ್ಳಿ. ಮಹಾಮಾರಿಗೆ ಅನ್ವಯಿಸುವುದಿಲ್ಲ ಎಂಬ ಸಾಲು ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ. ಮಾತ್ರೆ ಎರಡು ವಾರ ಹೆಚ್ಚಿಗೆ ಇರಲಿ, ಚೆಕ್-ಇನ್ ಸೂಟ್‌ಕೇಸಿನಲ್ಲಿ ಅಲ್ಲ, ಕೈಚೀಲದಲ್ಲಿ.

ಎದ್ದು ಹೊರಡುವಾಗ ಹಡಗಿನವರ ಆರೋಗ್ಯ ಪ್ರಶ್ನಾವಳಿ ನನ್ನ ಮುಂದಿಟ್ಟರು. ಕಳೆದ ಹದಿನಾಲ್ಕು ದಿನದಲ್ಲಿ ಜ್ವರ, ಕೆಮ್ಮು ಇತ್ತೇ? "ಇಲ್ಲ ಅಂತ ಟಿಕ್ ಮಾಡ್ಲಾ? ಇದೆ ಅಂದ್ರೆ ಹತ್ತಿಸ್ಕೊಳ್ಳಲ್ವಂತೆ." ಅಷ್ಟರಲ್ಲಿ ಅವರೇ ಎರಡು ಸಲ ಕೆಮ್ಮಿದ್ದರು. ಹೆಂಡತಿ ಪೆನ್ನು ಕಿತ್ತುಕೊಂಡು ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿದರು. ನಾನು ಎದೆಯ ಎಕ್ಸ್‌ರೇಗೆ ಚೀಟಿ ಬರೆದೆ.