ಟ್ರೊಮ್ಸೊದಿಂದ ಲಾಂಗ್‌ಇಯರ್‌ಬೈನ್‌ಗೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು?

ಪ್ರಶ್ನೆ: ಉತ್ತರ ನಾರ್ವೆಯ ಟ್ರೊಮ್ಸೊಗೆ ಹೋಗುವವರಿದ್ದೇವೆ. ಅಲ್ಲಿಂದ ಸ್ವಾಲ್ಬಾರ್ಡ್ ದ್ವೀಪಗಳ ಲಾಂಗ್‌ಇಯರ್‌ಬೈನ್ ನಕ್ಷೆಯಲ್ಲಿ ಬಹಳ ದೂರ ಕಾಣುತ್ತದೆ. ನಿಜಕ್ಕೂ ಎಷ್ಟು ದೂರ?

ಸುಮಾರು 960 ಕಿ.ಮೀ. ನೇರ ವಿಮಾನಕ್ಕೆ ಒಂದೂವರೆ ಗಂಟೆಯಿಂದ ಒಂದೂಮುಕ್ಕಾಲು ಗಂಟೆ. ಬೆಂಗಳೂರು–ಮುಂಬೈ ವಾಯುದೂರ ಸುಮಾರು 835 ಕಿ.ಮೀ, ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೂ ಗೋಡೆಗೆ ತೂಗುಹಾಕುವ ಮರ್ಕೇಟರ್ ನಕ್ಷೆಯಲ್ಲಿ ಇದು ಬೆಂಗಳೂರು–ಮುಂಬೈ ಗೆರೆಯ ನಾಲ್ಕು ಪಟ್ಟು ಉದ್ದ ಕಾಣುತ್ತದೆ. ಧ್ರುವದ ಕಡೆ ಹೋದಷ್ಟೂ ಆ ನಕ್ಷೆ ಎಲ್ಲವನ್ನೂ ಹಿಗ್ಗಿಸುತ್ತದೆ. ಅದರ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ.

ಲೆಕ್ಕ ನೀವೇ ಹಾಕಿ ನೋಡಬಹುದು. ಟ್ರೊಮ್ಸೊ ನಿಲ್ದಾಣ 69.68 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಲಾಂಗ್‌ಇಯರ್‌ಬೈನ್ 78.25ರಲ್ಲಿ. ವ್ಯತ್ಯಾಸ 8.57 ಡಿಗ್ರಿ; ಡಿಗ್ರಿಗೆ ಸುಮಾರು 111 ಕಿ.ಮೀ.ಯಂತೆ 950ರ ಆಸುಪಾಸು. ರೇಖಾಂಶದ ವ್ಯತ್ಯಾಸ 3.45 ಡಿಗ್ರಿ. ಎಡವುವುದು ಇಲ್ಲೇ: ರೇಖಾಂಶಕ್ಕೂ 111ರಿಂದಲೇ ಗುಣಿಸಿದರೆ ಒಟ್ಟು ದೂರ 70 ಕಿ.ಮೀ.ಯಷ್ಟು ಹೆಚ್ಚಾಗಿಬಿಡುತ್ತದೆ. ಎರಡೂ ಊರುಗಳ ನಡುವೆ, 74 ಡಿಗ್ರಿ ಅಕ್ಷಾಂಶದ ಸುತ್ತ, ಒಂದು ಡಿಗ್ರಿ ರೇಖಾಂಶದ ಅಗಲ ಸುಮಾರು 31 ಕಿ.ಮೀ. ಮಾತ್ರ. ಹಾಗಾಗಿ ಅಡ್ಡದೂರ 106 ಕಿ.ಮೀ. ಎರಡನ್ನೂ ಪೈಥಾಗರಸ್ ಸೂತ್ರಕ್ಕೆ ಹಾಕಿದರೆ 960ರ ಹತ್ತಿರ ಬರುತ್ತದೆ.

ಜೆಟ್ ವೇಗ ಗಂಟೆಗೆ 800 ಕಿ.ಮೀ. ಎಂದುಕೊಂಡರೆ 72 ನಿಮಿಷ. ರನ್‌ವೇವರೆಗಿನ ಓಡಾಟ, ಮೇಲೇರುವುದು, ಇಳಿಯುವುದಕ್ಕೆ ಇನ್ನೊಂದು 20–30 ನಿಮಿಷ ಸೇರಿಸಿ. ಎರಡೂ ಕಡೆ ಗಡಿಯಾರ ಒಂದೇ, ಸಮಯ ಬದಲಿಸಬೇಕಿಲ್ಲ.

ಯೋಜನೆ ಕೆಡುವುದು ಹಾರಾಟದ ಹೊತ್ತಿನಿಂದಲ್ಲ. ಮಂಜು ಕವಿದರೆ, ಗಾಳಿ ಜೋರಾದರೆ ಲಾಂಗ್‌ಇಯರ್‌ಬೈನ್‌ನಲ್ಲಿ ಇಳಿಯಲಾಗದು. ಪಕ್ಕದಲ್ಲಿ ದೊಡ್ಡ ಜೆಟ್‌ಗೆ ಬೇರೆ ನಿಲ್ದಾಣವೂ ಇಲ್ಲ. ವಿಮಾನ ಮುಖ್ಯಭೂಮಿಗೇ ಮರಳಬೇಕು, ಮೂರು ಗಂಟೆ ಹಾರಿ ಹೊರಟಲ್ಲಿಗೇ ಬಂದಂತೆ. ಚಳಿಗಾಲದಲ್ಲಿ ರೆಕ್ಕೆಯ ಹಿಮ ತೊಳೆಯಲೂ ಸಮಯ ಹಿಡಿಯುತ್ತದೆ. ಮುಂದಿನ ವಿಮಾನ ಬೇರೆ ಟಿಕೆಟ್‌ನದಾದರೆ ನಡುವೆ ಒಂದು ರಾತ್ರಿ ಬಿಡುವುದು ಜಾಣತನ.

ಭಾರತದ ಪಾಸ್‌ಪೋರ್ಟ್ ಇರುವವರು ಇದಕ್ಕಿಂತ ಮೊದಲು ನೋಡಬೇಕಾದದ್ದು ವೀಸಾ. ಸ್ವಾಲ್ಬಾರ್ಡ್ ನಾರ್ವೆಯದೇ ಆದರೂ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ಹೊರಗಿದೆ. ದ್ವೀಪಕ್ಕೆ ವೀಸಾ ಬೇಡ, ಆದರೆ ಅಲ್ಲಿಗೆ ಹೊರಟರೆ ಷೆಂಗೆನ್ ಬಿಟ್ಟಂತೆ, ಮರಳಿದರೆ ಮತ್ತೆ ಪ್ರವೇಶಿಸಿದಂತೆ. ಒಂದೇ ಪ್ರವೇಶದ ವೀಸಾ ಇದ್ದರೆ ವಾಪಸಾಗುವಾಗ ಸಿಕ್ಕಿಬೀಳುತ್ತೀರಿ. ಅರ್ಜಿ ಹಾಕುವಾಗಲೇ ಎರಡು ಅಥವಾ ಹಲವು ಪ್ರವೇಶದ್ದನ್ನು ಕೇಳಿ. ಟ್ರೊಮ್ಸೊದಲ್ಲಿ ಪಾಸ್‌ಪೋರ್ಟ್ ತಪಾಸಣೆ ಇರುತ್ತದೆ. ದೇಶದೊಳಗಿನ ವಿಮಾನವೆಂದುಕೊಂಡು ಕೊನೇ ಗಳಿಗೆಗೆ ಹೋಗಬೇಡಿ.

ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿರುವ ನಿ-ಓಲೆಸುಂಡ್ ಇನ್ನೂ ಉತ್ತರಕ್ಕಿದೆ. ಅಲ್ಲಿಗೆ ಲಾಂಗ್‌ಇಯರ್‌ಬೈನ್‌ನಿಂದ ಚಿಕ್ಕ ವಿಮಾನದಲ್ಲಿ ಅರ್ಧ ಗಂಟೆಯೂ ಬೇಡ.