ವಯಸ್ಸಾದವರಿಗೆ ಬೇಡ ಅಂದಿದ್ದ ಆಪರೇಷನ್

"ಎಪ್ಪತ್ತು ದಾಟಿದೆ, ಈಗ್ಯಾಕೆ ಆಪರೇಷನ್ನು?" ಮಂಡ್ಯ, ಮೈಸೂರು ಕಡೆ ಹಿರಿಯರ ಪಿತ್ತಕೋಶದಲ್ಲಿ ಕಲ್ಲು ಕಂಡರೆ ಮನೆಯಲ್ಲಿ ಏಳುವ ಪ್ರಶ್ನೆ ಇದು. ಈ ಭಯ ಸುಮ್ನೆ ಹುಟ್ಟಿದ್ದಲ್ಲ.

ಕಲ್ಲಿರುವ ಪಿತ್ತಕೋಶವನ್ನೇ ಮೊದಲು ತೆಗೆದವರು ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್, 1882ರಲ್ಲಿ. ಆಮೇಲೆ ನೂರು ವರ್ಷ ಅದೇ ದಾರಿ. ಬಲ ಪಕ್ಕೆಲುಬಿನ ಕೆಳಗೆ ಉದ್ದಕ್ಕೆ ಕೊಯ್ಯಬೇಕಿತ್ತು. ಕಲ್ಲು ಪಿತ್ತನಾಳಕ್ಕೆ ಜಾರಿದ್ದರೆ ನಾಳವನ್ನೂ ಸೀಳಿ, ಟ್ಯೂಬ್ ಇಟ್ಟು, ದಿನಗಟ್ಟಲೆ ಪಿತ್ತವನ್ನು ಹೊರಗಿನ ಚೀಲಕ್ಕೆ ಹರಿಸಬೇಕಿತ್ತು. ಗಾಯದ ನೋವಿಗೆ ವಯಸ್ಸಾದವರು ಪೂರ್ತಿ ಉಸಿರು ಎಳೆಯುತ್ತಿರಲಿಲ್ಲ, ಕೆಮ್ಮಲೂ ಹೆದರುತ್ತಿದ್ದರು. ಕಫ ಕಟ್ಟಿ ನ್ಯುಮೋನಿಯಾ ಆಗುತ್ತಿತ್ತು.

1974ರಲ್ಲಿ ಜರ್ಮನಿ ಮತ್ತು ಜಪಾನಿನ ವೈದ್ಯರು ಹೊಟ್ಟೆ ಕೊಯ್ಯದ ದಾರಿಯೊಂದನ್ನು ತೋರಿಸಿದರು. ಬಾಯಿಂದ ಎಂಡೋಸ್ಕೋಪ್ (ತುದಿಯಲ್ಲಿ ಒಳಗೆ ನೋಡುವ ಸಾಧನವಿರುವ ಬಾಗುವ ಕೊಳವೆ) ಇಳಿಸಿ, ಪಿತ್ತನಾಳ ಕರುಳಿಗೆ ಸೇರುವ ಬಾಯಿಯನ್ನು ಸ್ವಲ್ಪ ಕತ್ತರಿಸಿ ಕಲ್ಲು ತೆಗೆಯುವುದು. ಇಂದು ಇಆರ್‌ಸಿಪಿ ಅನ್ನುವುದು ಇದನ್ನೇ.

ಲ್ಯಾಪ್ರೋಸ್ಕೋಪಿಯ ಕಥೆ ಬೇರೆ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಸಣ್ಣ ರಂಧ್ರಗಳಿಂದ ಪಿತ್ತಕೋಶ ತೆಗೆದಾಗ ಅಲ್ಲಿನ ಸರ್ಜನ್‌ಗಳು ಮೆಚ್ಚಲಿಲ್ಲ, ಗೇಲಿ ಮಾಡಿದರು. ಆದರೂ 1990ರಲ್ಲೇ ಮುಂಬೈನ ಜೆಜೆ ಆಸ್ಪತ್ರೆಯಲ್ಲಿ ತೆಹೆಮ್ಟನ್ ಉಡ್ವಾಡಿಯಾ ಅದನ್ನು ಮಾಡಿದರು. ಶುರುವಿನಲ್ಲಿ ಹಿರಿಯರಿಗೆ ಇದು ಬೇಡ ಅನ್ನುತ್ತಿದ್ದರು. ಒಳಗೆ ಜಾಗ ಮಾಡಿಕೊಳ್ಳಲು ಹೊಟ್ಟೆಗೆ ತುಂಬುವ ಗ್ಯಾಸ್ ಹೃದಯ, ಶ್ವಾಸಕೋಶವನ್ನು ಒತ್ತುತ್ತದಲ್ವಾ? ಅರಿವಳಿಕೆ ಸುಧಾರಿಸಿತು, ಗ್ಯಾಸಿನ ಒತ್ತಡ ತಗ್ಗಿಸುವುದನ್ನೂ ಕಲಿತರು. ಆಮೇಲೆ ಲೆಕ್ಕ ತಿರುಗಿತು. ಗಾಯ ಸಣ್ಣದಾದರೆ ಮರುದಿನವೇ ಎದ್ದು ಓಡಾಡಬಹುದು. ಇದರ ಲಾಭ ಜಾಸ್ತಿ ಹಿರಿಯರಿಗೇ.

ಈಗ ಸಾಮಾನ್ಯವಾಗಿ ಮೊದಲು ಇಆರ್‌ಸಿಪಿಯಲ್ಲಿ ನಾಳದ ಕಲ್ಲು, ಆಮೇಲೆ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ. ಕೆಲವು ಕಡೆ ಎರಡನ್ನೂ ಒಟ್ಟಿಗೇ ಮುಗಿಸುತ್ತಾರೆ. ಅಪಾಯವೇ ಇಲ್ಲ ಅಂತಲ್ಲ. ಇಆರ್‌ಸಿಪಿಯಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು, ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ರಕ್ತಸ್ರಾವ ಆಗಬಹುದು. ಹೃದಯ, ಶ್ವಾಸಕೋಶ ಹೇಗಿವೆ ಅನ್ನುವುದು ವಯಸ್ಸಿಗಿಂತ ಮುಖ್ಯ.

ನನಗೆ ಹೆಚ್ಚು ಚಿಂತೆ ನಮ್ಮ ಕಡೆಯ ಇನ್ನೊಂದು ಅಭ್ಯಾಸದ್ದು. ಕಣ್ಣು ಹಳದಿಯಾದರೆ ಮೊದಲು ಕಾಮಾಲೆಯ ನಾಟಿ ಔಷಧಿ, ಪಥ್ಯ. ನಾಳದಲ್ಲಿ ಕಲ್ಲು ಕೂತಿದ್ದರೆ ಬೇರು, ಸೊಪ್ಪಿಗೆ ಅದು ಜಗ್ಗುವುದಿಲ್ಲ. ಚಳಿಜ್ವರವೂ ಸೇರಿದರೆ ನಾಳದಲ್ಲಿ ಸೋಂಕಾಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಅಂಥ ಹೊತ್ತಲ್ಲಿ ಕಲ್ಲು ತೆಗೆಯಲಾಗದಿದ್ದರೆ ಪಿತ್ತ ಹರಿಯಲು ನಾಳದೊಳಗೆ ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಹಾಕಿ ಕಳಿಸುತ್ತಾರೆ. ಪ್ಲಾಸ್ಟಿಕ್ ಸ್ಟೆಂಟ್ ಕೆಲವು ತಿಂಗಳಲ್ಲಿ ಕಟ್ಟಿಕೊಳ್ಳುತ್ತದೆ. ಅದನ್ನು ತೆಗೆಸುವ ತಾರೀಕನ್ನು ಡಿಸ್ಚಾರ್ಜ್ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.